ಶಿಫ್ಟ್ ಪುಸ್ತಕದಲ್ಲಿ ನಿಮ್ಮ ಹೆಸರು

ಪ್ರೀತಿಯ ಮಹಿಬೂಬ್ ಚಾಚಾ,

ನೀವು ಹೋಗಿ ಮೂರು ವರ್ಷವಾಯಿತು. ಬದುಕಿದ್ದಾಗ ಹೇಳಬೇಕಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಓದಿ ಬೈದರೂ ಸರಿ, ಆ ಬೈಗುಳ ಇನ್ನೊಮ್ಮೆ ಕಿವಿಗೆ ಬೀಳುವಂತಿದ್ದರೆ...

ವಾಡಿ ಹತ್ತಿರದ ನಮ್ಮ ಸಿಮೆಂಟ್ ಕಾರ್ಖಾನೆಗೆ ನಾನು ಬದಲಿ ಕೆಲಸಗಾರನಾಗಿ ಬಂದ ದಿನ ನೆನಪಿದೆಯೇ? ಆಗಲೇ ಇಪ್ಪತ್ತು ವರ್ಷದಿಂದ ಸಿಮೆಂಟಿಗೆ ಕಲ್ಲು ಸುಡುವ ಕಿಲ್ನ್, ಆ ದೊಡ್ಡ ಕುಲುಮೆ, ನಿಮ್ಮ ಕೈಯಲ್ಲಿತ್ತು. ನೀಲಿ ಗಾಜನ್ನು ನನ್ನ ಕಣ್ಣಿಗೆ ಹಿಡಿದು, "ಶರಣೂ, ಬೆಂಕಿ ಬಣ್ಣ ನೋಡಬ್ಯಾಡ, ಅದರ ನಡಿಗಿ ನೋಡು," ಅಂದಿರಿ. ನನಗೆ ಎರಡೂ ಕಾಣಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಬಂತು. ನೀವು ನಕ್ಕು ಚಹಾ ಕುಡಿಸಿದಿರಿ.

ಆ ಮಧ್ಯಾಹ್ನವನ್ನು ಹೇಗೆ ಮರೆಯಲಿ? ತಿರುಗುವ ಕಿಲ್ನ್ ಕೆಳಗೆ ಹಾದು ಹೋಗುತ್ತಿದ್ದವರು ಗಕ್ಕನೆ ನಿಂತಿರಂತೆ. ಬೆಂಕಿ ತಡೆಯುವ ಒಳಗಿನ ಇಟ್ಟಿಗೆ ಕಳಚಿದೆ ಎಂದು ಕೆನ್ನೆಗೆ ತಾಗಿದ ಬಿಸಿಯಲ್ಲೇ ನಿಮಗೆ ತಿಳಿಯಿತು. ಕೂಡಲೇ ಕಿಲ್ನ್ ನಿಲ್ಲಿಸಿದಿರಿ. ಸ್ವಲ್ಪ ತಡವಾಗಿದ್ದರೆ ಉಕ್ಕಿನ ಕವಚವೇ ಕೆಡುತ್ತಿತ್ತು. ನಾನಾಗ ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಿದ್ದೆ! ಆದರೂ ಶಿಫ್ಟ್ ಪುಸ್ತಕದಲ್ಲಿ ನೀವು ಬರೆದದ್ದು: 'ಮೊದಲು ಗಮನಿಸಿದವರು: ಶರಣಪ್ಪ.'

"ನಿಂದು ಇನ್ನಾ ಪರ್ಮನೆಂಟ್ ಆಗಿಲ್ಲ. ನನ್ನ ಹೆಸರು ಬರಕೊಂಡು ನಾ ಏನ್ ಮಾಡಲಿ? ಸುಮ್ನ ಸಹಿ ಹಾಕು," ಅಂದಿರಿ. ನನಗೊಬ್ಬನಿಗೇ ಅಲ್ಲ, ಡಬ್ಬಿಯ ರೊಟ್ಟಿ ಹಂಚಿದಂತೆ ಬದಲಿಯವರಿಗೆಲ್ಲ ನಿಮ್ಮ ಕೆಲಸದ ಶ್ರೇಯ ಹಂಚುತ್ತಿದ್ದಿರಿ. ಶಿಫ್ಟಿನಲ್ಲಿ ಎಲ್ಲರಿಗೂ ಗೊತ್ತಿದ್ದ ರೂಢಿ ಅದು. ಮೇಲಿನವರಿಗೆ ಮಾತ್ರ ಗೊತ್ತಿರಲಿಲ್ಲ. ಹಾಗೆಯೇ ನಾನೂ ಪರ್ಮನೆಂಟ್ ಆದೆ.

ಕೆಲವು ವರ್ಷಗಳ ನಂತರ, ಕೆಳಗೆ ಕುರ್ಚಿಯಲ್ಲಿ ಕೂತು ಮಾಡುವ ಫೋರ್‌ಮನ್ ಹುದ್ದೆ ಖಾಲಿಯಾದಾಗ, ಕಿಲ್ನ್ ಮೆಟ್ಟಿಲು ಹತ್ತಿ ಹತ್ತಿ ನಿಮ್ಮ ಮೊಣಕಾಲುಗಳು ಪೂರಾ ಸೋತಿದ್ದವು. "ಆ ಕಬ್ಬಿಣದ ಮೆಟ್ಟಿಲು ಹತ್ತೋದೊಂದು ತಪ್ಪಿದ್ರ ಸಾಕಪಾ," ಅಂದಿದ್ದಿರಿ. ನಿಮ್ಮ ಬಾಯಲ್ಲಿ 'ನನಗೆ ಬೇಕು' ಎಂಬಂಥ ಮಾತು ಕೇಳಿದ್ದು ಅದೊಂದೇ ಸಲ. ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ಹಳೆಯ ಶಿಫ್ಟ್ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ ವರದಿ ಬರೆದರು. ನನ್ನನ್ನು ಕರೆದು ಓದಿಯೂ ತೋರಿಸಿದರು. ನನ್ನ ಬಗ್ಗೆ: 'ಸದಾ ಎಚ್ಚರ.' ನಿಮ್ಮ ಬಗ್ಗೆ: 'ಅನುಭವವಿದೆ, ಸ್ವಂತ ಮುತುವರ್ಜಿ ಕಾಣುವುದಿಲ್ಲ.' ಚಾಚಾ, ಎರಡಕ್ಕೂ ಸಾಕ್ಷಿ ನಿಮ್ಮದೇ ಅಕ್ಷರ!

ಹೊರಗೆ ಬಂದೆ. ನಿಜ ಹೇಳಿಬಿಡೋಣವೆಂದು ಮತ್ತೆ ಬಾಗಿಲವರೆಗೂ ಹೋದೆ. ಕೈಯಲ್ಲಿ ಸಾಹೇಬರು ಆಗಷ್ಟೇ ಕೊಟ್ಟ ಬಡ್ತಿಯ ಆದೇಶವಿತ್ತು. ಅದರಲ್ಲಿ ಟೈಪಾಗಿದ್ದ ನನ್ನ ಹೆಸರನ್ನು ಎರಡು ಸಲ ಓದಿದೆ, ಮಡಚಿ ಕಿಸೆಗಿಟ್ಟುಕೊಂಡೆ. ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

ಮರುದಿನ ಪೇಡೆ ತಂದವರೂ ನೀವೇ. "ಯಾಕ ನಿಂತೀದಿ? ಕುರ್ಚಿ ಮ್ಯಾಲ ಕುಂದ್ರಪಾ, ಭಾಳ ಖುಷಿ ಆತು," ಅಂದು, ಕಂಬಿ ಹಿಡಿದು ಮೆಟ್ಟಿಲು ಹತ್ತಿದಿರಿ. ನಿವೃತ್ತಿಯವರೆಗೆ ಎರಡು ವರ್ಷ ಹತ್ತಿದಿರಿ. ನಾನು ಆ ಕುರ್ಚಿಯಲ್ಲಿ ಕೂತು ನಿಮ್ಮ ಬೂಟಿನ ಸಪ್ಪಳ ಕೇಳುತ್ತಿದ್ದೆ. ನಿಮಗೆ ಒಮ್ಮೆಯೂ ಸಿಟ್ಟು ಬರಲಿಲ್ಲವೇ? ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಸುದ್ದಿ ಕೇಳಿ. ಈ ವರ್ಷ ಮತ್ತೊಂದು ಬಡ್ತಿಯ ಸರದಿ ನನ್ನದಿತ್ತು. ಈಗೆಲ್ಲ ನಮ್ಮ ವರದಿಯನ್ನು ಮೊದಲು ನಾವೇ ಬರೆಯಬೇಕು. 'ನಿಮ್ಮ ಅತ್ಯುತ್ತಮ ಕೆಲಸ' ಎಂಬಲ್ಲಿ ಇಟ್ಟಿಗೆಯ ಸಂಗತಿ ಬರೆಯಲು ಸಾಹೇಬರೇ ಹೇಳಿದರು. ಬರೆದೆ, ಕ್ಯಾಂಟೀನಿನ ಮಿರ್ಚಿಯ ಸಮೇತ! ಸಾಹೇಬರು ಓದಿ, "ಇದೇನ್ರೀ ಇದು? ತಲೆ ಸರಿ ಇದೆಯಾ?" ಎಂದರು. ಬಡ್ತಿ ಬೇರೆಯವರಿಗೆ ಹೋಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಒಂದು ವಾರ ಊಟ ಸೇರಲಿಲ್ಲ.

ಈಗ ಎಲ್ಲವೂ ಕಂಪ್ಯೂಟರ್. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುತ್ತಿದ್ದರು. ಇಟ್ಟಿಗೆ ಕಳಚಿದ ದಿನದ ಪುಸ್ತಕವನ್ನು ಕೇಳಿ ಪಡೆದೆ. ನನ್ನ ಹೆಸರು ಹೊಡೆದುಹಾಕಿ ನಿಮ್ಮದು ಬರೆದೆ, ಕೆಳಗೆ ಸಹಿ ಹಾಕಿದೆ. ಇನ್ನು ನನ್ನ ಶಿಫ್ಟಿನಲ್ಲಿ ಕೆಲಸ ಮಾಡಿದವರ ಹೆಸರೇ ದಾಖಲಾಗುತ್ತದೆ, ನೀವು ಬಂದು ಬೇಡವೆಂದರೂ.

ನಿನ್ನೆ ನಿಮ್ಮ ಮನೆಗೆ ಹೋಗಿ ಪುಸ್ತಕವನ್ನು ಚಾಚಿಗೆ ಕೊಟ್ಟು ಬಂದೆ. ಅವರಿಗೆ ಓದಲು ಬಾರದಲ್ಲ, ನಡೆದದ್ದೆಲ್ಲ ಹೇಳಿ ನಿಮ್ಮ ಹೆಸರಿನ ಮೇಲೆ ಅವರ ಬೆರಳಿಡಿಸಿ ತೋರಿಸಿದೆ. ತುಂಬ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಕೇಳಿದರು, "ಅವ್ರು ಇದ್ದಾಗ ಯಾಕ ಬರ್ದಿದ್ದಿಲ್ಲ, ಬೇಟಾ?"

ನಿಮ್ಮ,
ಶರಣು