ಗೋಡೆಯ ಮೇಲೆ ವಿನಿಫ್ರೆಡ್ ಹೆಸರು

ಬೆಲ್ಮುಲೆಟ್, ಮೇಯೋ
14 ಅಕ್ಟೋಬರ್ 2003

ಪ್ರೀತಿಯ ಫಿಲೋಮಿನಾ,

ನೀನೂ ಮಕ್ಕಳು ಮೊಮ್ಮಕ್ಕಳೂ ಎಲ್ಲ ಕ್ಷೇಮ ಅಂದ್ಕೊಂಡಿದ್ದೀನಿ. ನಾನು ಚೆನ್ನಾಗಿದ್ದೀನಿ, ಮಂಡಿನೋವು ಒಂದು ಬಿಟ್ಟು. ಜುಲೈನಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ನೀನು ಹೇಳಿದ ಕೆಲಸಕ್ಕೇ ವಾರಕ್ಕೆರಡು ಸಲ ಬಸ್ಸು ಹತ್ತಿ ಕ್ಯಾಸಲ್‌ಬಾರ್ ಲೈಬ್ರರಿಗೆ ಓಡಾಡಿದ್ದೀನಿ ಮಾರಾಯ್ತಿ.

ಬೋಸ್ಟನ್ನಿನಲ್ಲಿ ನಿಮ್ಮ ಚರ್ಚಿನ ಅಂಗಳದಲ್ಲಿ ಗೋಡೆ ಕಟ್ಟಿಸ್ತಿದ್ದಾರೆ, ನಮ್ಮ ಕಡೆಯಿಂದ ಹಡಗಿನಲ್ಲಿ ಹೋಗಿ ಇಳಿದ ಹೆಣ್ಣುಮಕ್ಕಳ ಹೆಸರು ಕೆತ್ತಿಸ್ತಾರೆ, ಹಡಗಿನ ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಕೆತ್ತೋದು ಅಂತ ಸಮಿತಿಯ ನಿಯಮ, ಆದರೆ ಸಬೈನಾ ಚಿಕ್ಕಜ್ಜಿಯ ಹೆಸರು ನಿನಗೆಲ್ಲೂ ಸಿಗ್ತಿಲ್ಲ. ಅದಕ್ಕೇ ನನಗೆ ಬರೆದೆ. 'ನಮ್ಮ ವಂಶ ಉದ್ಧಾರ ಮಾಡಿದ ಪುಣ್ಯಾತ್ಗಿತ್ತಿ' ಅಂತ ಬೇರೆ ಸೇರಿಸಿದ್ದೆ. ನಿನ್ನನ್ನ ಬೋಸ್ಟನ್ನಿಗೆ ಕರೆಸ್ಕೊಂಡು, ಸಾಯೋವಾಗ ಮನೇನೂ ನಿನ್ನ ಹೆಸರಿಗೇ ಬರೆದು ಹೋದವಳು, ನಿನಗೆ ಹಾಗನ್ನಿಸೋದು ಸಹಜವೇ.

ಸಬೈನಾ ಗಾಹನ್ ಅಂತ ಹುಡುಕಿ ಹುಡುಕಿ ಕಣ್ಣು ಹೋಯ್ತು. 1896ರ ಪಟ್ಟಿ ನೋಡಿದೆ, ಹಿಂದಿನ ವರ್ಷ ನೋಡಿದೆ, ಮುಂದಿನದು ನೋಡಿದೆ, ಊಹೂಂ. ಕೊನೆಗೆ ಲೈಬ್ರರಿಯ ಮಿಸೆಸ್ ಮೊರಾಹನ್ ಒಂದು ದಾರಿ ಹೇಳಿದಳು. "ಹುಡುಗಿ ಹೆಸರು ಬಿಡಿ ಅಟ್ರಾಕ್ಟಾ. ಇಳಿದು ಯಾರ ಮನೆಗೆ ಹೋಗ್ತೀನಿ ಅಂತ ಬರೆಸಿರ್ತಾರಲ್ಲ, ಆ ಮನೆ ಹಿಡಿದು ಹುಡುಕಿ." ಆ ಮನೆ ನಮಗೆ ಗೊತ್ತೇ ಇತ್ತಲ್ಲ, ಬೋಸ್ಟನ್ನಿನಲ್ಲಿದ್ದ ಚಿಕ್ಕಜ್ಜಿಯ ಸೋದರತ್ತೆ ಬ್ರಿಡ್ಜೆಟ್ಟಳದು. ಅರ್ಧ ಗಂಟೆಯಲ್ಲಿ ಸಿಕ್ಕಿಬಿಡ್ತು. 1896ರ ಫೆಬ್ರವರಿ, ಕ್ವೀನ್ಸ್‌ಟೌನ್ ಬಂದರಿನಲ್ಲಿ ಹಡಗು ಹತ್ತಿದವರ ಪಟ್ಟಿ. ವಯಸ್ಸು ಇಪ್ಪತ್ತೆರಡು, ಮನೆಗೆಲಸ, ಊರು ಬೆಲ್ಮುಲೆಟ್, ಟಿಕೆಟ್ ಕಳಿಸಿದ್ದು ಅತ್ತೆ ಬ್ರಿಡ್ಜೆಟ್.

ಹೆಸರು ವಿನಿಫ್ರೆಡ್ ಗಾಹನ್.

ವಿನಿಫ್ರೆಡ್! ನಮ್ಮಜ್ಜಿ ಕಣೇ! ಬ್ಯಾಲಿನಾ ಸಂತೆ ದಾಟಿ ಆಚೆ ಕಾಲಿಡದವಳು, ಮನೆಯಿಂದ ಎರಡು ಮೈಲಿ ದೂರದ ಮಣ್ಣಲ್ಲಿ ಮಲಗಿರೋಳು. ಆ ಸಾಲನ್ನ ಮೂರು ಸಲ ಓದಿದೆ. ಮಿಸೆಸ್ ಮೊರಾಹನ್ ಮಾತ್ರ ಆಶ್ಚರ್ಯಪಡಲಿಲ್ಲ. "ಆಗೆಲ್ಲ ನಡೀತಿತ್ತು. ಟಿಕೆಟ್ ಅಕ್ಕನ ಹೆಸರಲ್ಲಿ ಬಂದು, ಅಕ್ಕ ಹೋಗೋಕಾಗದಿದ್ರೆ ತಂಗಿ ಅದೇ ಹೆಸರು ಹೇಳ್ಕೊಂಡು ಹತ್ತೋಳು. ಯಾರು ಕೇಳ್ತಿದ್ರು?" ಅಂದಳು.

ಅಕ್ಕ ಹೋಗೋಕಾಗದಿದ್ರೆ, ಸರಿ. ನಮ್ಮಜ್ಜಿಗೆ ಯಾಕಾಗಲಿಲ್ಲ? ಇದನ್ನ ಹೇಳೋಕೆ ಊರಲ್ಲಿ ಉಳಿದಿರೋದು ಒಬ್ಬನೇ, ಆಗ ನಮ್ಮ ಮನೆಗೆ ಕಾಗದ ತರ್ತಿದ್ದ ಅಂಚೆಯ ಆಂಟನಿ ಪ್ಯಾಡನ್. ಅವನಿಗೆ ಅವನಜ್ಜಿ ಹೇಳಿದ್ದಂತೆ. ಚಹಾ ಇಟ್ಟು, ಸೋಡಾ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟು, "ಹೇಳು" ಅಂತ ಎದುರಿಗೇ ಕೂತೆ.

ಆ ವರ್ಷ ಲೆಂಟ್ ಉಪವಾಸ ಶುರುವಾಗೋ ಮುಂಚೆ ಸಬೈನಾಗೆ ಮದುವೆ ಗೊತ್ತಾಗಿತ್ತು. ಗಂಡು ಯಾರು ಗೊತ್ತಾ? ಮಾರ್ಟಿನ್ ಲಾವೆಲ್. ನಮ್ಮಜ್ಜನೇ! ನಲವತ್ತಾರು ವರ್ಷ, ಹೆಂಡತಿ ಸತ್ತಿದ್ದಳು, ಮೂರು ಮಕ್ಕಳು. ಅಜ್ಜಿಗೆ ಅಮೆರಿಕದ ಟಿಕೆಟ್, ತಂಗಿಗೆ ಆ ಮುದುಕ. ಹೊರಡೋರು ಮನೆಮನೆಗೂ ಹೋಗಿ ಹೇಳಿ ಬರಬೇಕಲ್ಲ, ಅಜ್ಜಿ ಗ್ಲೆನಮೋಯ್ ಕಡೆಯ ನೆಂಟರಿಗೆಲ್ಲ ಹೇಳಿ ಬರೋಕೆ ಮೂರು ದಿನ ನಡೆದಳು. ಪ್ರತಿ ಮನೆಯಲ್ಲೂ ಅತ್ತರು, ಮುತ್ತು ಕೊಟ್ಟರು, ಕಾಲುಚೀಲ ಹೆಣೆದು ಕೊಟ್ಟರು. ತಿರುಗಿ ಮನೆಗೆ ಬಂದರೆ ಪೆಟ್ಟಿಗೆ ಇಲ್ಲ, ಟಿಕೆಟ್ ಇಲ್ಲ, ಹೊಸ ಬೂಟೂ ಇಲ್ಲ, ತಂಗಿಯೂ ಇಲ್ಲ.

ಅವರಪ್ಪ ಏನಂದ ಗೊತ್ತಾ? "ಟಿಕೆಟ್ ಹಾಳಾಗಲಿಲ್ಲವಲ್ಲ, ಬಿಡು. ಲಾವೆಲ್‌ಗೆ ಮಾತು ಕೊಟ್ಟಾಗಿದೆ, ನೀನು ಮಾಡ್ಕೋ." ಎಂಟೇ ದಿನಕ್ಕೆ ಅಜ್ಜಿ ಚರ್ಚಿನಲ್ಲಿ ನಿಂತಳು. ಮದುವೆಗೆ ಬಂದವರು ಯಾರು? ಅತ್ತು ಕಳಿಸಿಕೊಟ್ಟಿದ್ದ ಅದೇ ನೆಂಟರು! "ಏನೇ ವಿನ್ನಿ, ಇಷ್ಟು ಬೇಗ ಅಮೆರಿಕದಿಂದ ಬಂದ್ಯಾ?" ಅಂತ ಒಬ್ಬಳು ಕಿಸಕ್ಕಂತ ನಕ್ಕಳಂತೆ. ಕೇಳ್ತಾ ಕೇಳ್ತಾ ನನಗೆ ಮೈಯೆಲ್ಲ ಉರಿದುಹೋಯ್ತು.

ಬೋಸ್ಟನ್ನಿಂದ ಪಾರ್ಸಲ್ ಬಂದಾಗೆಲ್ಲ ಅಜ್ಜಿ ಏನು ಮಾಡೋಳು, ನೆನಪಿದೆಯಾ? ಒಂದು ಸಲ ಬಂದ ರೇಷ್ಮೆ ರವಿಕೆನ ಆಲೂಗಡ್ಡೆ ಹೊಲದ ಬೆದರುಬೊಂಬೆಗೆ ತೊಡಿಸಿದ್ದಳು. ನಾವು ಹುಡುಗಿಯರು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ. ಅಜ್ಜಿ ನಗಲಿಲ್ಲ. ಯಾಕೆ ಅಂತ ನಾವು ಒಂದು ದಿನವೂ ಕೇಳಲಿಲ್ಲ.

ಈಗ ನಿನ್ನ ಗೋಡೆಯ ವಿಷಯ. ಪಟ್ಟಿಯ ಪ್ರತೀನ ನಿನಗಲ್ಲ, ಆಗಸ್ಟಿನಲ್ಲೇ ನೇರವಾಗಿ ನಿಮ್ಮ ಸಮಿತಿಗೆ ಕಳಿಸಿದೆ. ಜೊತೆಗೆ ಅಜ್ಜಿಯ ಒಂದು ಫೋಟೋ ಇಟ್ಟೆ. ಗಾಹನ್ ಮನೆಯ ಹುಡುಗಿಯರಲ್ಲಿ ಪಟ್ಟಿಯಲ್ಲಿರೋದು ವಿನಿಫ್ರೆಡ್ ಒಬ್ಬಳೇ ಅಂತ ಬರೆದೆ. ಸುಳ್ಳು ಒಂದಕ್ಷರ ಇಲ್ಲ. ನಿಯಮ ನಿಮ್ಮದೇ. ಹೋದ ವಾರ ಕಾರ್ಯದರ್ಶಿಯ ಉತ್ತರ ಬಂತು, ಕೆತ್ತನೆ ಮುಗೀತಂತೆ, ಪರದೆ ಸರಿಸೋ ಗೌರವ ನಿನಗಂತೆ. ಕೆತ್ತೋದು ಮುಗೀಲಿ ಅಂತ್ಲೇ ಕಾಯ್ತಿದ್ದೆ. ಹೌದು ಕಣೇ, ಕಾಗದ ತಡವಾಗಿದ್ದು ಬಸ್ಸಿನಿಂದಲ್ಲ, ಬೇಕಂತಲೇ ತಡಮಾಡಿದೆ.

ಹಡಗು ಹತ್ತೋಕೆ ನಮ್ಮಜ್ಜಿಯ ಹೆಸರು ಬೇಕಾಗಿತ್ತಲ್ಲ ಅವಳಿಗೆ? ಈಗ ಆ ಹೆಸರೇ ಕಲ್ಲಲ್ಲಿ ಕೂತಿದೆ. ಸಬೈನಾ ಗಾಹನ್ ಅನ್ನೋಳು ಅಮೆರಿಕಕ್ಕೆ ಹೋಗಲೇ ಇಲ್ಲ, ಪಟ್ಟಿ ಹಾಗೇ ಹೇಳುತ್ತೆ. ಭಾನುವಾರ ಅಜ್ಜಿಯ ಸಮಾಧಿ ಹತ್ತಿರ ಹೋಗಿ ಜೋರಾಗಿ ಹೇಳಿ ಬಂದೆ, "ಅಜ್ಜೀ, ಬೋಸ್ಟನ್ ಮುಟ್ಟಿದೆ ನೀನು." ಪಕ್ಕದ ಸಮಾಧಿಗೆ ಹೂ ಇಡ್ತಿದ್ದವರು ನನ್ನ ಮುಖ ನೋಡಿದರು, ನೋಡಲಿ.

ಚಳಿ ಶುರುವಾಗಿದೆ, ಎದೆ ಬೆಚ್ಚಗೆ ಇಟ್ಕೋ. ದೇವಮಾತೆ ನಿನ್ನನ್ನೂ ನಿನ್ನ ಮಕ್ಕಳನ್ನೂ ಕಾಪಾಡಲಿ. ಇದನ್ನ ಮನಸ್ಸಿನಿಂದಲೇ ಬರೀತಿದ್ದೀನಿ, ನಂಬೋದು ಬಿಡೋದು ನಿನಗೆ ಬಿಟ್ಟಿದ್ದು.

ನಿನ್ನ ಅಕ್ಕ,
ಅಟ್ರಾಕ್ಟಾ

ತಾ.ಕ.: ಪ್ಯಾಡನ್ ಇನ್ನೊಂದು ವಿಷಯ ಹೇಳಿದ. ಎದ್ದು ಟೊಪ್ಪಿಗೆ ಹಾಕ್ಕೊಂಡವನು ಬಾಗಿಲ ಹತ್ತಿರ ನಿಂತುಬಿಟ್ಟ. "ಐವತ್ತಾರರಲ್ಲಿ ಬೋಸ್ಟನ್ನಿಂದ ಸಬೈನಾಳ ಒಂದು ಕಾಗದ ಬಂದಿತ್ತು, ಅಟ್ರಾಕ್ಟಾ. ಮೇಲೆ ನಿನ್ನ ಹೆಸರೇ ಇತ್ತು. ಗೇಟಿನ ಹತ್ತಿರ ಫಿಲೋಮಿನಾ ಇದ್ದಳು, ನಾನೇ ಕೊಡ್ತೀನಿ ಅಂತ ಇಸ್ಕೊಂಡಳು. ವಾರ ಬಿಟ್ಟು ಅವಳೇ ಉತ್ತರ ತಂದು ಕೊಟ್ಟಳು. ಕಳಿಸಿದವರು ಅನ್ನೋ ಕಡೆ ನಿನ್ನ ಹೆಸರು ಬರೆದಿತ್ತು, ಬರಹ ನಿಂದಲ್ಲ. ಆಮೇಲೆ ಬಂದ ಕಾಗದ ಅವಳ ಹೆಸರಿಗೇ ಬಂತು. ನಾನಾಗ ಹೇಳಬೇಕಿತ್ತು" ಅಂದ.

ನಲವತ್ತೇಳು ವರ್ಷ ನಾನು, ನನ್ನನ್ನ ಅಲ್ಲಿಗೆ ಯಾರೂ ಕರೆಯಲೇ ಇಲ್ಲ ಅಂದ್ಕೊಂಡು ಬದುಕಿದೆ. ಅಪ್ಪನ ಮಲ ಮೂತ್ರ ತೆಗೆದೆ, ಅಮ್ಮನ್ನ ಮಣ್ಣು ಮಾಡಿದೆ, ನಿನ್ನ ಮಕ್ಕಳ ಫೋಟೋಗೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದೆ. ಸಬೈನಾಳ ಹೆಸರು ಅಳಿಸಿ ನನಗೆ ಹೊಟ್ಟೆ ತುಂಬಲಿಲ್ಲ ಫಿಲೋ, ನನ್ನ ಸಿಟ್ಟು ಅವಳ ಮೇಲಲ್ಲ. ಪರದೆ ಸರಿಸಿ, ಚಪ್ಪಾಳೆ ಎಲ್ಲ ಮುಗಿದ ಮೇಲೆ, ಕೂತು ಒಂದೇ ಒಂದು ಮಾತು ಬರೆದು ತಿಳಿಸು. ನನ್ನ ಹೆಸರಲ್ಲಿ ಹೋದ ಆ ಉತ್ತರದಲ್ಲಿ ನಾನು ಯಾಕೆ ಬರೋಲ್ಲ ಅಂತ ಹೇಳಿದ್ದೆ?