ಕಡಲೆಬೇಳೆಗೆ ಎರಡು ಗಂಟೆ

ಚಂದನನಗರ
೨೨ ಆಗಸ್ಟ್ ೧೯೭೪, ಗುರುವಾರ

ಅಮ್ಮಾ,

ನಿನ್ನ ಎರಡೂ ಪಾದ ಮುಟ್ಟಿ ಈ ಕಾಗದ ಶುರು ಮಾಡುತ್ತಿದ್ದೇನೆ. ಯಾವಾಗಲೂ ಕಾರ್ಡಿನಲ್ಲಿ ನಾಲ್ಕು ಸಾಲು ಗೀಚಿ ಹಾಕುವವಳು ಈ ಸಲ ಲಕೋಟೆಗೆ ಅಂಟು ಹಚ್ಚಿ ಕಳಿಸಿದ್ದಾಳೆಂದು ಗಾಬರಿಯಾಗಬೇಡ. ಮಿಠು ಚೆನ್ನಾಗಿದ್ದಾಳೆ, ನಿನ್ನ ಅಳಿಯಂದಿರೂ ಚೆನ್ನಾಗಿದ್ದಾರೆ. ಆದರೆ ಇದನ್ನು ಅತ್ತಿಗೆಯ ಕೈಯಲ್ಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ತಾರಸಿಗೆ ಹೋಗಿ ನೀನೊಬ್ಬಳೇ ಓದು. ಭಾನುವಾರ ಮಧ್ಯಾಹ್ನ ನಾನು ಕಂಡದ್ದನ್ನು ಇವರಿಗೂ ಹೇಳಿಲ್ಲ. ನಾಲ್ಕು ದಿನದಿಂದ ಅನ್ನ ಬಸಿಯುವಾಗ, ಮಿಠುವಿನ ಜಡೆ ಹೆಣೆಯುವಾಗ ಅದೇ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕೈ ಹಾಗೇ ನಿಂತುಬಿಡುತ್ತದೆ.

ಎಲ್ಲದಕ್ಕೂ ಮೂಲ ಆ ಪ್ರೆಷರ್ ಕುಕ್ಕರ್. ಹೋದ ತಿಂಗಳು ಇವರು ಕಲ್ಕತ್ತೆಯಿಂದ ಟ್ರೈನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಮೊದಲ ದಿನದ ಕಥೆ ಕೇಳಿದರೆ ನೀನು ನಗುತ್ತೀಯ. ಆಫೀಸಿನಲ್ಲಿ ಯಾರದೋ ಮನೆಯಲ್ಲಿ ಮುಚ್ಚಳ ಹಾರಿ ಪಕ್ಕದ ಮನೆ ಅಂಗಳಕ್ಕೆ ಬಿತ್ತಂತೆ. ಅದಕ್ಕೆ ಇವರು ಅಡುಗೆಮನೆ ಬಾಗಿಲಲ್ಲಿ ಕೊಡೆ ಬಿಚ್ಚಿ ಅಡ್ಡ ಹಿಡಿದು ನಿಂತರು. ಕೊಡೆಯ ಹಿಂದೆ ಮಿಠು, ಮಿಠುವಿನ ಹಿಂದೆ ನಮ್ಮ ಅತ್ತೆ. ಒಲೆಯ ಮುಂದೆ ಯಾರು? ನಾನು! ಅದು ಕೂಗಿದಾಗ ಪಾತ್ರೆ ತಿಕ್ಕುತ್ತಿದ್ದ ನಮ್ಮ ಕ್ಷಾಂತ ಬೂದಿ ಕೈಯಲ್ಲೇ ಬೀದಿಗೆ ಓಡಿದಳು. ಮುಂದಿನ ಕೋಣೆಯಿಂದ ದೊಡ್ಡಮಾವ, “ರೈಲು ಯಾಕೆ ಮನೆಯೊಳಗೆ ಬಂತು?” ಎಂದು ಕಿರುಚಿದರು. ನಮ್ಮ ಮಾವನ ಅಣ್ಣ ಇದ್ದಾರಲ್ಲ, ಅವರೇ. ಎಂಬತ್ತೊಂದಾದರೂ ಕಿವಿ, ಮೂಗು ಎರಡೂ ಚುರುಕು.

ಕುಕ್ಕರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಸಂಜೆ ಚಹಾ ಕುಡಿಯುತ್ತ ಇವರು ಅದನ್ನು ಓದಿ ನಮಗೆಲ್ಲ ಅರ್ಥ ಹೇಳಿದರು. ಅನ್ನಕ್ಕೆ ಇಷ್ಟು ಹೊತ್ತು, ಆಲೂಗಡ್ಡೆಗೆ ಇಷ್ಟು ಹೊತ್ತು. ಮೀನಿನ ಪುಟ ಬಂತು. ಸ್ವಲ್ಪ ಹುಳಿ ಸೇರಿಸಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಟ್ಟರೆ ಮುಳ್ಳು ಕೂಡ ಮೆತ್ತಗಾಗಿ ಅಗಿದು ನುಂಗುವ ಹಾಗೆ ಆಗುತ್ತದಂತೆ. ಅಷ್ಟು ಹೊತ್ತು ಗೋಡೆಗೊರಗಿ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತಿ, “ಇಲಿಶ್ ಮೀನಿಂದೂ ಕರಗುತ್ತಾ?” ಎಂದು ಕೇಳಿದರು. ಮಿಠುವಿಗೋಸ್ಕರ ಕೇಳುತ್ತಿದ್ದಾರೆ ಎಂದುಕೊಂಡೆ. ಇಲಿಶ್‌ನ ಕೂದಲೆಳೆ ಮುಳ್ಳಿಗೆ ಹೆದರಿ ಅವಳು ಬಾಯಿಯೇ ತೆರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕುಕ್ಕರನ್ನು ಹುಣಿಸೆಹಣ್ಣು ಹಾಕಿ ತೊಳೆದು, ಗಂಗೆಯ ನೀರು ಚಿಮುಕಿಸಿ, ತಮ್ಮ ಮಡಿ ಅಡುಗೆಮನೆಯೊಳಗೆ ಇಟ್ಟುಕೊಂಡುಬಿಟ್ಟರು. “ಇನ್ಮೇಲೆ ಇದು ನನ್ನ ಒಲೇದು ಬೌಮಾ. ನಿಮ್ಮ ಮೀನಿನ ಕೈ ಇದಕ್ಕೆ ತಾಗಿಸ್ಬೇಡಿ,” ಎಂದು ಸೊಸೆಗೆ ಕಟ್ಟಪ್ಪಣೆ ಮಾಡಿದರು. ನನಗೆಂದು ತಂದದ್ದು! ನಾನು ಅದರಲ್ಲಿ ಮಾಡಿದ್ದು ಒಂದೇ ಒಂದು ಸಲ ಅನ್ನ. ಇವರ ಮುಂದೆ ಮುಖ ಊದಿಸಿಕೊಂಡು ಓಡಾಡಿದೆ. ಇವರು, “ಹೋಗ್ಲಿ ಬಿಡು, ಅಮ್ಮಂಗೆ ಕಡಲೆಬೇಳೆ ಬೇಯೋಕೆ ಎಷ್ಟ್ ಕಷ್ಟ,” ಎಂದು ಪೇಪರಿನ ಹಿಂದೆ ಅಡಗಿದರು. ದೊಡ್ಡಮಾವನಿಗಂತೂ ಆನಂದವೋ ಆನಂದ. “ನೋಡಿ ಕಲ್ತ್ಕೋ. ಈ ಮನೇಲಿ ಶುದ್ಧವಾಗಿ ಉಳ್ದಿರೋದು ಆ ಪಾತ್ರೆ ಒಂದೇ,” ಎಂದು ನನಗೆ ಪಾಠ ಹೇಳಿದರು. ಅವರು ಉಣ್ಣುವುದು ಅತ್ತೆಯ ಕೈಯಡುಗೆ ಮಾತ್ರ. ಮೀನು ಬಿಟ್ಟು ಹನ್ನೆರಡು ವರ್ಷವಾಯಿತು. ದೂರದ ಒಬ್ಬ ವಿಧವೆ ಅತ್ತಿಗೆ ಈರುಳ್ಳಿ ತಿಂದಳೆಂದು ಅವಳ ಕೈಯ ನೀರು ಬಿಟ್ಟವರು ಅವರು. ಅವಳು ಕೊನೆಗೆ ಈ ಮನೆ ಬಿಟ್ಟು ಹೋದಳು.

ಆಮೇಲೆ ಭಾನುವಾರಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ಇವರು ಇಲಿಶ್ ತರುತ್ತಾರೆ, ಕ್ಷಾಂತ ಈಳಿಗೆ ಮಣೆಯಲ್ಲಿ ಹೆಚ್ಚಿ ಇಡುತ್ತಾಳೆ, ನಾನು ಸಾಸಿವೆ ಅರೆದು ಬರುವಷ್ಟರಲ್ಲಿ ಬಾಲದ ತುಂಡು ಇರುವುದಿಲ್ಲ. ಮೊದಲನೆಯ ವಾರ ಬೆಕ್ಕೆಂದುಕೊಂಡೆ. ಎರಡನೆಯ ವಾರ ಬಟ್ಟಲ ಮೇಲೆ ಕಲ್ಲು ಹೇರಿದೆ. ಕಲ್ಲು ಹೇರಿದ ಹಾಗೇ ಇತ್ತು, ಬಾಲ ಮಾತ್ರ ಇರಲಿಲ್ಲ. ಈ ಭಾನುವಾರ ನನಗೆ ತಲೆ ಕೆಟ್ಟಿತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಏಳು ವರ್ಷದಿಂದ ಮನೆಯಲ್ಲಿ ದುಡಿಯುವ ಕ್ಷಾಂತಳನ್ನು ಅಂಗಳದಲ್ಲಿ ನಿಲ್ಲಿಸಿ ಕಳ್ಳಿ ಎಂದೆ.

“ಬೌದಿ, ಗಂಗೆ ಮೇಲೆ ಆಣೆ. ನಾನು ಕೇಳಿದ್ರೆ ನೀವೇ ಕೊಡ್ತಿರ್ಲಿಲ್ವಾ? ಕದಿಯೋಕೆ ನಂಗೇನು ಬಂದಿತ್ತು?” ಎಂದು ಅವಳು ಅತ್ತಳು.

“ನಾಳೆಯಿಂದ ಬರಬೇಡ,” ಎಂದುಬಿಟ್ಟೆ.

ಅತ್ತೆ ಅಲ್ಲೇ ತುಳಸಿಕಟ್ಟೆಯ ಹತ್ತಿರ ನಿಂತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ನಮ್ಮ ಊಟ ಮುಗಿಯಿತು. ಇವರೂ ಮಿಠುವೂ ಮಲಗಿದರು. ಅತ್ತೆ ಎಲ್ಲರದೂ ಆದಮೇಲೆ ಎರಡು ಗಂಟೆಗೆ ಒಬ್ಬರೇ ಬಾಗಿಲು ಹಾಕಿಕೊಂಡು ಉಣ್ಣುವವರು. ಅವತ್ತು ಅವರ ಕುಕ್ಕರು ಹನ್ನೊಂದೂವರೆಯಿಂದ ಸಣ್ಣಗೆ ಬುಸುಗುಡುತ್ತಲೇ ಇತ್ತು. ನಾನು ಎಲೆ ಅಡಿಕೆ ಹಾಕಿಕೊಳ್ಳಲು ಕುಳಿತಾಗ ಬುಸುಗುಟ್ಟುವುದು ನಿಂತು ಸೀದ ವಾಸನೆ ಬಂತು. “ಅಮ್ಮಾ, ನಿಮ್ಮ ಬೇಳೆ!” ಎಂದು ಕೂಗಿದೆ. ಅವರು ಬರಲಿಲ್ಲ. ನೀರು ಬತ್ತಿದರೆ ಸಿಡಿಯುತ್ತದೆ ಎಂದು ಇವರು ಓದಿದ್ದು ನೆನಪಾಯಿತು. ಮೀನು ತಿಂದ ಸೀರೆಯಲ್ಲಿ ಆ ಹೊಸ್ತಿಲು ದಾಟಬಾರದು. ದಾಟಿದೆ. ಸ್ಟೋವ್ ಆರಿಸಿದೆ, ಮುಚ್ಚಳದ ಮೇಲಿನ ಗುಂಡು ಎತ್ತಿ ಹಬೆ ಬಿಟ್ಟೆ, ಮುಚ್ಚಳ ತೆಗೆದೆ.

ಅಮ್ಮಾ, ಕಡಲೆಬೇಳೆ ಇರಲಿಲ್ಲ. ಒಂದು ಪುಟ್ಟ ಹಿತ್ತಾಳೆ ಬಟ್ಟಲು, ಬಟ್ಟಲಲ್ಲಿ ಅರೆದ ಸಾಸಿವೆ, ಅದರೊಳಗೆ ಇಲಿಶ್‌ನ ಬಾಲ.

ನನ್ನ ಕೈಯಿಂದ ಮುಚ್ಚಳ ಬಿದ್ದುಹೋಯಿತು. ಮಾವ ತೀರಿಕೊಂಡ ಮೇಲೆ ಮೂವತ್ತೈದು ವರ್ಷದಿಂದ ಒಂದು ಏಕಾದಶಿಯನ್ನೂ ತಪ್ಪಿಸದ, ಮಸೂರ್ ಬೇಳೆಯನ್ನೂ ಮುಟ್ಟದ, ನಾನು ಬೆಳ್ಳುಳ್ಳಿ ಸುಲಿದ ಕೈಯಲ್ಲಿ ಲೋಟ ಕೊಟ್ಟರೆ ತೊಳೆದು ಕುಡಿಯುವ ನಮ್ಮ ಅತ್ತೆ! ತಿರುಗಿದರೆ ಅವರು ಬಾಗಿಲಲ್ಲಿ ಜಪಮಾಲೆ ಹಿಡಿದು ನಿಂತಿದ್ದಾರೆ.

“ಬಾಗಿಲು ಹಾಕು ಬೌಮಾ,” ಎಂದರು. ಹಾಕಿದೆ. ಆಮೇಲೆ, “ಕೈ ಸುಟ್ಕೊಂಡ್ಯಾ?” ಎಂದರು.

“ಇದೇನಮ್ಮಾ ಇದು?” ಎಂದೆ.

“ಕಾಣ್ತಿದೆಯಲ್ಲ, ಬಾಲದ ತುಂಡು. ಮುಳ್ಳು ಜಾಸ್ತಿ ಅಂತ ಅದು ಯಾರಿಗೂ ಬೇಡ. ಅದಕ್ಕೇ ಅದನ್ನೇ ತಗೊಂಡೆ. ಒಳ್ಳೇ ತುಂಡು ಯಾರ ಬಾಯಿಂದಾನೂ ಕಿತ್ಕೊಂಡಿಲ್ಲ.”

ಅಳಲಿಲ್ಲ, ಕೈ ಮುಗಿಯಲಿಲ್ಲ. ನೆಲದ ಮೇಲೆ ಕುಳಿತು ಹೇಳುತ್ತ ಹೋದರು. ನಾನು ಗೋಡೆಗೆ ಅಂಟಿಕೊಂಡು ನಿಂತೇ ಇದ್ದೆ.

“ಹೋದ ವರ್ಷ ಗಂಟಲು ನೋವು ಅಂತ ಮೂರು ದಿನ ಮಲಗಿದ್ನಲ್ಲ, ಅದೇನು ಗೊತ್ತಾ? ಮುಳ್ಳು. ನೀವೆಲ್ಲ ಮದುವೇಗೆ ಹೋಗಿದ್ರಲ್ಲ, ಅವತ್ತು ಒಂದು ತುಂಡು ಉಳ್ದಿತ್ತು. ನಾನು ಬರಿಶಾಲದ ನದಿ ದಂಡೇಲಿ ಹುಟ್ಟಿದೋಳು ಬೌಮಾ. ಚಿಕ್ಕೋಳಿದ್ದಾಗ ಕಣ್ಣು ಮುಚ್ಕೊಂಡು ಇಲಿಶ್ ತಿಂತಿದ್ದೆ, ಮುಳ್ಳು ತಾನಾಗೇ ಬಾಯಿ ಮೂಲೇಗೆ ಬರ್ತಿತ್ತು. ಇಷ್ಟು ವರ್ಷ ಆದ್ಮೇಲೆ ನಾಲಿಗೆಗೆ ಅದೂ ಮರ್ತು ಹೋಗಿದೆ. ಮೊದಲ್ನೇ ತುತ್ತಿಗೇ ಸಿಕ್ಕಾಕ್ಕೊಳ್ತು. ಡಾಕ್ಟ್ರ ಹತ್ರ ಬಾ ಅಂತ ನೀನು ಬಡ್ಕೊಂಡೆ. ಬಾಯಿ ತೆಗ್ದು ಏನಂತ ತೋರಿಸ್ಲಿ? ವಿಧವೆ ಗಂಟಲಲ್ಲಿ ಮೀನಿನ ಮುಳ್ಳು ಅಂತಾನಾ?”

ಆ ಮೂರು ದಿನ ನಾನು ತುಳಸಿ ಕಷಾಯ ಕಾಸಿ ಕಾಸಿ ಕುಡಿಸಿದ್ದೆ ಅಮ್ಮಾ. ಅವರು ಒಣ ಅನ್ನದ ಉಂಡೆ ನುಂಗುವುದನ್ನು ನೋಡಿ, ಗಂಟಲು ನೋವಿನಲ್ಲಿ ಇದೆಂಥ ಹಟ ಎಂದು ಗೊಣಗಿದ್ದೆ. ಮೂರನೆಯ ದಿನ ಉಗುಳಿನಲ್ಲಿ ರಕ್ತ ಬಂದಿತ್ತಂತೆ. ಅದನ್ನೂ ತಾವೇ ತೊಳೆದುಕೊಂಡರಂತೆ.

“ಹಾಗಾದ್ರೆ ಕ್ಷಾಂತನ್ನ ನಾನು ಕಳ್ಳಿ ಅಂದಾಗ ನೀವು ಅಲ್ಲೇ ಇದ್ರಲ್ಲಮ್ಮ!” ಎಂದೆ. ಅದುವರೆಗೆ ಎದುರು ನೋಡಿ ಮಾತಾಡುತ್ತಿದ್ದವರು ಆಗ ತಲೆ ತಗ್ಗಿಸಿದರು. ಕುಕ್ಕರಿಟ್ಟ ಮೇಲೆ ಹೋಗಿ ದೇವರ ಮುಂದೆ ಕುಳಿತಿದ್ದರಂತೆ, ಒಂದು ಮಂತ್ರವೂ ಬಾಯಿಗೆ ಬಾರದೆ ಒಲೆಯ ಮೇಲೆ ಕುಕ್ಕರಿರುವುದೂ ಮರೆತುಹೋಯಿತಂತೆ. ಹೇಳುತ್ತಲೇ ಎದ್ದರು. ಗೋಡೆಗೆ ನೇತುಹಾಕಿದ್ದ ಇವರ ಕೊಡೆ ತೆಗೆದುಕೊಂಡು, ಉಣ್ಣದೆ, ಸುರಿಯುವ ಮಳೆಯಲ್ಲಿ ಕ್ಷಾಂತಳ ಮನೆಗೆ ನಡೆದೇ ಹೋದರು.

ಅವಳಿಗೆ ಎಲ್ಲ ಹೇಳಿದರಂತೆ. ಒಂದು ಗಂಟೆ ಹೊತ್ತಾದ ಮೇಲೆ ಇಬ್ಬರೂ ಒಂದೇ ಕೊಡೆಯಲ್ಲಿ ಬಂದರು. ನಾನು ಕ್ಷಾಂತಳ ಕೈ ಹಿಡಿದು ತಪ್ಪಾಯಿತೆಂದೆ. ಅವಳು ಕೈ ಬಿಡಿಸಿಕೊಂಡು, “ಹೋಗ್ಲಿ ಬಿಡಿ ಬೌದಿ. ಮುಂದಿನ ವಾರದಿಂದ ಬಾಲ ಬೇರೆ ಬಟ್ಟಲಲ್ಲೇ ಇಡ್ತೀನಿ,” ಎಂದು ಪಾತ್ರೆಗೆ ಕುಳಿತಳು. ಮಾತು ಅಷ್ಟೇ. ನನ್ನ ಮುಖ ನೋಡಲು ಅವಳಿಗೆ ಇನ್ನೂ ಮನಸ್ಸಿಲ್ಲ. ಅದು ನ್ಯಾಯವೇ.

ಅಷ್ಟರಲ್ಲಿ ನಾನು ಬಟ್ಟಲನ್ನು ಬಿಸಿ ಮಾಡಿ ಇಟ್ಟಿದ್ದೆ. ಬಾಲದ ತುದಿಯನ್ನು ಬೆರಳಲ್ಲಿ ಒತ್ತಿ ನೋಡಿದೆ, ಮುಳ್ಳು ಹಿಟ್ಟಾಗಿತ್ತು. ಅತ್ತೆ ಒಳಗೆ ಕುಳಿತರು. ನಾನು ಬಾಗಿಲೆಳೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಮೊರ ಹಿಡಿದು ಕುಳಿತೆ. ನಿದ್ದೆ ಮುಗಿಸಿ ಬಂದ ದೊಡ್ಡಮಾವ ಮೂಗು ಎತ್ತಿ ಗಾಳಿ ಎಳೆದುಕೊಂಡರು. “ನಿಮ್ಮತ್ತೆ ಊಟ ಇನ್ನೂ ಆಗಿಲ್ವಾ? ಈ ಮೀನಿನ ನಾತ ಇಲ್ಲೀವರೆಗೂ ಬಂತಾ?”

“ನನ್ನ ಸೀರೇದು ದೊಡ್ಡಮಾವ, ಮೀನಿನ ಕೈ ಒರೆಸ್ಕೊಂಡೆ. ಕಡಲೆಬೇಳೆ ಬೆಂದಿರ್ಲಿಲ್ಲ, ಅದಕ್ಕೇ ಊಟ ತಡ,” ಎಂದೆ.

“ಥೂ, ಕೊಳಕಿ,” ಎಂದು ಬೈದುಕೊಂಡು ಹೋದರು. ಮದುವೆಯಾದ ಮೇಲೆ ಬೈಗುಳ ತಿಂದು ಹಗುರಾದದ್ದು ಅದೇ ಮೊದಲು.

ಇಷ್ಟು ಹೇಳಿ ಕಾಗದ ಮುಗಿಸಬಹುದಿತ್ತು. ಆದರೆ ನಾನು ಬೆಚ್ಚಿದ್ದು ಅತ್ತೆಯನ್ನು ಕಂಡಷ್ಟೇ ಅಲ್ಲ. “ಒಳ್ಳೇ ತುಂಡು ಯಾರ ಬಾಯಿಂದಾನೂ ಕಿತ್ಕೊಂಡಿಲ್ಲ” ಎಂದು ಅವರು ಹೇಳಿದಾಗಿನಿಂದ ನನ್ನ ಕಣ್ಣಿಗೆ ನಿನ್ನ ತಟ್ಟೆಯೇ ಕಾಣುತ್ತಿದೆ.

ಅಪ್ಪನ ಶ್ರಾದ್ಧ ಮುಗಿದ ಮರುದಿನ, ಮನೆಯವರು ಮತ್ತೆ ಮೀನು ತಿನ್ನಲು ಶುರು ಮಾಡುವ ಆ ಊಟ ನೆನಪಿದೆಯಾ? ನೆನಪಿಲ್ಲದೆ ಇರುತ್ತದೆಯೇ, ಎಂಥ ಪ್ರಶ್ನೆ ಕೇಳುತ್ತಿದ್ದೇನೆ. ದಾದಾ, “ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ? ಅಮ್ಮಾನೂ ತಿನ್ಲಿ,” ಎಂದು ನಿನ್ನ ತಟ್ಟೆಗೆ ಮೊಟ್ಟೆ ತುಂಬಿದ ಹೊಟ್ಟೆಯ ತುಂಡು ಹಾಕಿದ. ನಿನ್ನ ಕೈ ಅದರ ಹತ್ತಿರ ಹೋಗಿತ್ತು. ಅಷ್ಟರಲ್ಲಿ ನೀನು ನನ್ನ ಮುಖ ನೋಡಿದೆ. ನಾನು, “ಜನ ಏನಂತಾರೆ ದಾದಾ? ನನ್ನ ಅತ್ತೆ ಮನೇಲಿ ಗೊತ್ತಾದ್ರೆ?” ಎಂದು ಆ ತುಂಡನ್ನು ನಿನ್ನ ತಟ್ಟೆಯಿಂದ ಎತ್ತಿ ನನ್ನ ತಟ್ಟೆಗೆ ಹಾಕಿಕೊಂಡೆ. ಹಾಕಿಕೊಂಡು ತಿಂದೆ. ರುಚಿಯಾಗಿತ್ತು ಅಮ್ಮಾ, ಅದೂ ನೆನಪಿದೆ. ನೀನು ಅನ್ನಕ್ಕೆ ಉಪ್ಪು ಕಲಸಿಕೊಂಡೆ.

ಮೂರು ವರ್ಷದಲ್ಲಿ ನೀನು ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ. ನಾನೂ ಆಡಲಿಲ್ಲ. ನಿಯಮ ನಾನು ಮಾಡಿದ್ದಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಆದರೆ ಅವತ್ತು ಅದನ್ನು ನಿನ್ನ ಮೇಲೆ ಹೇರಿದ ಕೈ ನನ್ನದೇ. ಯಾವ ಅತ್ತೆ ಮನೆಯ ಹೆಸರಲ್ಲಿ ಹೆದರಿಸಿದೆನೋ ಆ ಮನೆಯ ಅತ್ತೆಯ ಬಟ್ಟಲನ್ನು ಈಗ ನಾನೇ ಬಿಸಿ ಮಾಡಿ ಕೊಡುತ್ತಿದ್ದೇನೆ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ಓದಿದ ಮೇಲೆ ಈ ಕಾಗದ ಒಲೆಗೆ ಹಾಕು.

ನಿನ್ನ ತಟ್ಟೆಗೆ ಕೈ ಹಾಕಿದ ಮಗಳು,
ಟುಲು

ಮರೆತಿದ್ದೆ: ಭಾನುವಾರ ಬೆಳಿಗ್ಗೆಯ ಟ್ರೈನಿಗೆ ಕೃಷ್ಣನಗರಕ್ಕೆ ನಾನೊಬ್ಬಳೇ ಬರುತ್ತಿದ್ದೇನೆ. ಕುಕ್ಕರನ್ನೂ ತರುತ್ತೇನೆ, ಅತ್ತೆಯೇ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದಾರೆ. ಕಟ್ಟುವಾಗ, “ನಿಮ್ಮಮ್ಮ ಮೀನು ಬಿಟ್ಟು ಎಷ್ಟು ವರ್ಷ ಆಯ್ತು?” ಎಂದು ಕೇಳಿದರು. ಮೂರು ಎಂದೆ. “ಹಾಗಾದ್ರೆ ನಾಲಿಗೆ ಇನ್ನೂ ಮುಳ್ಳು ತೆಗೆಯೋದು ಮರ್ತಿರಲ್ಲ. ಆದ್ರೂ ತಗೊಂಡ್ಹೋಗು. ಹೆದ್ರಿಕೇಲಿ ತಿನ್ನೋರಿಗೆ ಮುಳ್ಳು ಬೇಗ ಸಿಕ್ಕಾಕ್ಕೊಳ್ಳುತ್ತೆ,” ಎಂದರು. ಅತ್ತಿಗೆ ಕೇಳಿದರೆ ಕಡಲೆಬೇಳೆಗೆ ಎರಡು ಗಂಟೆ ಬೇಕು ಎಂದು ನಾನು ಹೇಳುತ್ತೇನೆ. ನೀನು ಸುಮ್ಮನೆ ಊಟಕ್ಕೆ ಕುಳಿತುಕೋ. ಈ ಸಲ ನನ್ನ ಮುಖ ನೋಡಬೇಡ ಅಮ್ಮಾ.