ಮಳೆ ಬರುವ ಮೊದಲೇ ಮುಗಿದ ಹಂಗಾಮು

ಮಾನ್ಯ ಕೃಷಿ ಅಧಿಕಾರಿಗಳೇ,

ಈ ಸಲದ ಹಿಂಗಾರಿ ಹಂಗಾಮನ್ನು ತಾವು ಅಕ್ಟೋಬರ್ ಹದಿನೈದಕ್ಕೇ ಮುಗಿಸಿ ಬೀಜದ ಮಳಿಗೆಗೆ ಬೀಗ ಹಾಕಿಸಿದಿರಿ. ಮಳೆ ಬಂದದ್ದು ತಿಂಗಳ ಕೊನೆಗೆ, ಸ್ವಾತಿಯಲ್ಲಿ. ತಮ್ಮ ಅಪ್ಪಣೆಯಿಲ್ಲದೆ ಬಂದ ಆ ಮಳೆಯ ಪರವಾಗಿ ಮೊದಲು ನಾನೇ ಕ್ಷಮೆ ಕೇಳುತ್ತೇನೆ.

ನಡೆದದ್ದು ಇಷ್ಟು. ಹಸ್ತದ ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಬಿತ್ತನೆಯ ಕೊನೆಯ ತಾರೀಖು ಹತ್ತಿರ ಬಂತೆಂದು ತಾವು ರೇಡಿಯೊದಲ್ಲಿ ಎಚ್ಚರಿಸಿದಿರಿ. ಪಾಲಬಾವಿಯ ನಾವು ಆಕಾಶ ನೋಡುವುದನ್ನು ಬಿಟ್ಟು ಕ್ಯಾಲೆಂಡರ್ ನೋಡಿ, ಕೂರಿಗೆಗೆ ಕುಂಕುಮ ಹಚ್ಚಿ ಜೋಳ ಬಿತ್ತಿದೆವು. ಮೊಳಕೆ ತಲೆಯೆತ್ತಿ, ಬಿಸಿಲು ನೋಡಿ, ಕರಟಿಹೋಯಿತು. ಆಮೇಲೆ ಸ್ವಾತಿ ಸುರಿಯಿತು. ಎರಡನೆಯ ಸಲ ಬೀಜ ಕೇಳಲು ತೊಯ್ದುಕೊಂಡೇ ತಮ್ಮ ಮಳಿಗೆಗೆ ಹೋದೆ. ಬೀಗ ಹಾಕಿದ ಬಾಗಿಲ ಮುಂದಿನ ಜಗಲಿಯಲ್ಲಿ ಅಲ್ಲಿನ ಗುಮಾಸ್ತ ಛತ್ರಿ ಒಣಗಿಸುತ್ತಿದ್ದ.

"ಹಂಗಾಮ ಮುಗದೈತ್ರಿ ಕಾಕಾ."

"ಹೊರಗ ಏನ್ ಬೀಳಾಕತ್ತೈತಪಾ?"

"ಮಳಿರಿ."

"ಮತ್ತ?"

"ಅದು ಲೇಟಾಗಿ ಬಂದೈತ್ರಿ. ನಾವೇನ್ ಲೇಟ್ ಮಾಡಿಲ್ಲಲ್ರಿ."

ಲಾಜಿಕ್ ಸರಿಯಾಗಿದೆ. ಕೊಲ್ಹಾಪುರದ ಕಾಲೇಜಿನಲ್ಲಿ ಭೂಗೋಳದ ಮಾಸ್ತರರು ನಮಗೆ "ದಿ ಮಾನ್ಸೂನ್ ಈಸ್ ಎ ರೆಗ್ಯುಲರ್..." ಎಂದು ಬರೆಸುತ್ತಿದ್ದರು. ಮುಂದಿನ ಶಬ್ದ ನನಗೆ ಮರೆತಿದೆ. ಈಗೀಗ ಮಳೆಗೂ ಆ ವಾಕ್ಯ ಪೂರ್ತಿ ನೆನಪಿದ್ದಂತಿಲ್ಲ. ಭೂಮಿ ಬಿಸಿಯಾಗುತ್ತಿದೆ, ಋತುಗಳು ಸರಿಯುತ್ತಿವೆ ಎಂದು ಪರದೇಶದಲ್ಲಿ ದೊಡ್ಡ ದೊಡ್ಡ ಸಭೆಗಳು ನಡೆಯುತ್ತಿವೆಯಂತೆ. ಅದನ್ನೂ ರೇಡಿಯೊ ಹೇಳಿತು. ಋತುವೇ ಸರಿದ ಮೇಲೆ ತಮ್ಮ ತಾರೀಖು ಸ್ವಲ್ಪ ಸರಿದು ಕೂತರೆ ಏನು ಹೋದೀತು? ದೇಶದ ಕಾಳು ಯಾಕೆ ಕಡಿಮೆಯಾಯಿತೆಂದು ದಿಲ್ಲಿಯವರು ಕೇಳಿದಾಗ ಮಳೆಯೊಂದನ್ನೇ ಮುಂದೆ ತಳ್ಳುತ್ತೀರೋ, ಆ ಬೀಗವನ್ನೂ ತೋರಿಸುತ್ತೀರೋ?

ಇನ್ನೊಂದು ಮಾತು. ಹಿಂದೊಮ್ಮೆ ತಮ್ಮ ಇಲಾಖೆಯವರು ಊರಿಗೆ ಬಂದು, ಮನೆಯ ಬೀಜ ಕಟ್ಟಿಡುವುದು ಹಳೆಯ ಪದ್ಧತಿ, ಬಿಡಿ ಎಂದಿದ್ದರು. ನಾನೂ ನನ್ನ ಹೆಂಡತಿ ಜಿನಮತಿಗೆ "ಯು ಆರ್ ಔಟ್ ಆಫ್ ಡೇಟ್" ಎಂದು ನಕ್ಕಿದ್ದೆ. ಅವಳು ಜೋಳಕ್ಕೆ ಬೂದಿ ಬೆರೆಸುತ್ತಲೇ, "ಸಾಹೇಬರ ಬೀಜ ಸಾಹೇಬರ ವ್ಯಾಳ್ಯಾಕ ಬರತೈತ್ರಿ. ಮಳಿ ವ್ಯಾಳ್ಯಾಕ ಮನ್ಯಾಗ ಒಂದ್ ಗಡಿಗಿ ಇರ್ಲಿ" ಎಂದಳು. ಹೋದ ಸುಗ್ಗಿಯಲ್ಲೂ ಒಂದು ಗಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿಟ್ಟಳು. ಚೈತ್ರದಲ್ಲಿ ತೀರಿಕೊಂಡಳು. ಅವಳು ಹಾಕಿದ ಆ ಗಂಟನ್ನು ಬಿಚ್ಚಲು ಇಷ್ಟು ದಿನ ನನಗೆ ಮನಸ್ಸಾಗಿರಲಿಲ್ಲ. ಆ ದಿನ ತಮ್ಮ ಮಳಿಗೆಯಿಂದ ಬರಿಗೈಯಲ್ಲಿ ಬಂದು ಬಿಚ್ಚಿದೆ. ಬೀಜ ಅರ್ಧ ಹೊಲಕ್ಕೆ ಸಾಕಾಯಿತು.

ಉಳಿದರ್ಧ ಖಾಲಿ ಬಿದ್ದಿದೆ. ಊರಿನ ಇನ್ನುಳಿದ ಹೊಲಗಳೂ ಹಾಗೇ ಇವೆ. ಎರೆಭೂಮಿಯ ಹಸಿ ಆರುವುದರೊಳಗೆ ಮಳಿಗೆ ತೆರೆಸಿರಿ. ಮುಂದಿನ ವರ್ಷದಿಂದ ಮಳೆ ಬಿದ್ದ ಮೇಲೆ ಹಂಗಾಮಿನ ಲೆಕ್ಕ ಹಿಡಿಯಿರಿ. ಜಿನಮತಿಯ ಜೋಳ ಆಗಲೇ ಸಾಲು ಹಿಡಿದು ಎದ್ದಿದೆ. ತೆನೆ ಹಾಲುಗಾಳಾದಾಗ ಸುಟ್ಟು ಸೀತನಿ ತಿನ್ನುತ್ತೇವೆ, ತಾವೂ ಬರಬೇಕು. ತಾರೀಖು ಮಾತ್ರ ಕೇಳಬೇಡಿ. ಅದನ್ನು ತೆನೆ ಹೇಳುತ್ತದೆ.

ಇಂತಿ,
ಅರ್ಧ ಬಿ.ಎ., ಅರ್ಧ ಬಿತ್ತನೆ ಮುಗಿಸಿ ಕುಳಿತಿರುವ
ತವನಪ್ಪ, ಪಾಲಬಾವಿ